ಸೊಸೈಟಿಯ ಹೊಸ ಕಟ್ಟಡಕ್ಕೆ ನೆಟ್‌ವರ್ಕ್ ವೈರಿಂಗ್: ಅಂಗಳದಾಚೆಯ ಗೋಡೌನಿಗೆ ಕೇಬಲ್ ಎಳೆಯುವುದು ಹೇಗೆ?

ತುಂಗೆ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡುವ ಕೆಲಸ ನನ್ನದು. ದೀಪಾವಳಿ ಹೊತ್ತಿಗೆ ನಾವು ಹೊಸ ಕಟ್ಟಡಕ್ಕೆ ಹೋಗಬೇಕು. ಕೆಳಗೆ ಕೌಂಟರು ಮತ್ತು ಕಚೇರಿ, ಮೇಲೆ ಮೀಟಿಂಗ್ ಹಾಲು. ಒಟ್ಟು 14 ಕಂಪ್ಯೂಟರ್, 3 ಪ್ರಿಂಟರ್, 6 ಕ್ಯಾಮೆರಾ, ಒಂದು ಹಾಜರಿ ಮಿಷನ್. ಅಂಗಳ ದಾಟಿದರೆ ಹಳೇ ಗೋಡೌನು. ಟೇಪು ಹಿಡಿದು ಅಳೆದೆ, ಗೋಡೆಯಿಂದ ಗೋಡೆಗೆ 45 ಮೀಟರ್. ಅಲ್ಲಿ ತೂಕದ ಕಂಪ್ಯೂಟರು, ಗೊಬ್ಬರದ ಬಿಲ್ಲಿನ ಪ್ರಿಂಟರು ಇವೆ.

2022ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ 63,000 ಸಂಘಗಳ ಗಣಕೀಕರಣದಲ್ಲಿ ನಮ್ಮ ಸಂಘವೂ ಸೇರಿದೆ. ಲೆಕ್ಕವೆಲ್ಲ ಈಗ ಆನ್‌ಲೈನು. ನೆಟ್‌ವರ್ಕ್ ನಿಂತಿತು ಅಂದರೆ ಕಂತು ಕಟ್ಟಲು ಬಂದವರು ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು ಕೂರಬೇಕಾಗುತ್ತದೆ. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಸಂಜೆ ಸಿಡಿಲು ಬಂದು ಗೋಡೌನಿನ ಕಂಪ್ಯೂಟರು, ಎರಡು ಪ್ರಿಂಟರು, ಕಚೇರಿಯ ನೆಟ್‌ವರ್ಕ್ ಸ್ವಿಚ್ಚು ಎಲ್ಲಾ ಸುಟ್ಟವು. ಸಿಡಿಲು ಬಿದ್ದದ್ದು ಆಚೆ ತೋಟದ ತೆಂಗಿನ ಮರಕ್ಕೆ. ನಮ್ಮ ಕಟ್ಟಡಕ್ಕಲ್ಲ.

ಕಟ್ಟಡದ ವೈರಿಂಗ್ ಮಾಡುತ್ತಿರುವವರೇ ನೆಟ್‌ವರ್ಕ್ ಕೆಲಸವನ್ನೂ ಮಾಡಿಕೊಡುತ್ತೇವೆ ಎಂದಿದ್ದಾರೆ. ಅವರು ಹೇಳುವುದು ಹೀಗೆ: ಕರೆಂಟಿನ ಪೈಪಿನಲ್ಲೇ ಜಾಗ ಇದೆ, ನೆಟ್ ಕೇಬಲನ್ನೂ ಅದರಲ್ಲೇ ತಳ್ಳಬಹುದು. ಗೋಡೌನಿಗೆ ಕ್ಯಾಟ್-6 (ನೆಟ್ ಕೇಬಲಿನ ಒಂದು ದರ್ಜೆ) ಕೇಬಲನ್ನು ಜಿಐ (ಸತುವಿನ ಲೇಪದ ಕಬ್ಬಿಣ) ತಂತಿಗೆ ಕಟ್ಟಿ ಮೇಲಿನಿಂದ ಎಳೆಯಬಹುದು. ಕೇಬಲಿನಲ್ಲಿ ಎರಡು ನಮೂನೆ ತೋರಿಸಿದರು. ಒಂದರ ಬಾಕ್ಸು ಇನ್ನೊಂದರ ಅರ್ಧ ಬೆಲೆಗೆ ಸಿಗುತ್ತದೆ, ಎರಡರ ಮೇಲೂ ಕ್ಯಾಟ್-6 ಎಂದೇ ಬರೆದಿದೆ.

ಸೋಮವಾರ ಆಡಳಿತ ಮಂಡಳಿಯ ಸಭೆ. ಕೊಟೇಶನ್ ಮುಂದಿಟ್ಟು ಇದಾಗಬಹುದು, ಇದು ಬೇಡ ಎಂದು ಹೇಳಬೇಕಾದವನು ನಾನು. ಲೆಕ್ಕ ಗೊತ್ತು, ವೈರು ಗೊತ್ತಿಲ್ಲ. ರೈತರ ದುಡ್ಡು. ತಿಳಿದವರು ದಯವಿಟ್ಟು ಹೇಳಿ.

---

ಕೇಬಲ್ ಮೇಸ್ತ್ರಿ, ಶಿವಮೊಗ್ಗ

ಸರ್, 22 ವರ್ಷದಿಂದ ಇದೇ ಕೆಲಸ ಮಾಡ್ತಾ ಇದೀನಿ. ಶಿವಮೊಗ್ಗ, ಸಾಗರ, ಹೊಸನಗರ ಸುತ್ತ ಆಫೀಸುಗಳಿಗೆ ಕೇಬಲ್ ಎಳೆದಿದೀನಿ. ನಿಮ್ಮ ಪ್ರಶ್ನೆಯಲ್ಲಿ ಗೋಡೌನು ಕೊನೆಯಲ್ಲಿ ಬಂತು. ನಾನು ಅಲ್ಲಿಂದಲೇ ಶುರು ಮಾಡ್ತೀನಿ.

ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಬೇಡ. ಎಷ್ಟೇ ಒಳ್ಳೇ ಕೇಬಲ್ ಆಗಿರಲಿ, ಬೇಡ.

ಯಾಕೆ ಅಂತ ಸಭೆಯಲ್ಲಿ ಕೇಳ್ತಾರೆ, ಹಾಗಾಗಿ ಬಿಡಿಸಿ ಹೇಳ್ತೀನಿ. ತೋಟದ ತೆಂಗಿಗೆ ಸಿಡಿಲು ಬಡಿದಾಗ ಆ ವಿದ್ಯುತ್ತು ಬೇರಿನ ಬುಡದಿಂದ ನೆಲದಲ್ಲಿ ಸುತ್ತ ಹರಡ್ತದೆ. ಮರಕ್ಕೆ ಹತ್ತಿರ ಇರೋ ನೆಲದ ವೋಲ್ಟೇಜು ಒಂದು, ದೂರದ ನೆಲದ್ದು ಇನ್ನೊಂದು. ಆ ಕ್ಷಣಕ್ಕೆ ನಿಮ್ಮ ಗೋಡೌನಿನ ಅರ್ಥಿಂಗಿಗೂ ಕಚೇರಿಯ ಅರ್ಥಿಂಗಿಗೂ ಸಾವಿರಗಟ್ಟಲೆ ವೋಲ್ಟ್ ವ್ಯತ್ಯಾಸ ಬರ್ತದೆ. ಎರಡರ ನಡುವೆ ತಾಮ್ರ ಇದ್ದರೆ ಆ ವ್ಯತ್ಯಾಸ ಅದರೊಳಗೇ ಹರಿಯೋಕೆ ನೋಡ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಂತಿ ಅದು. ನೆಟ್‌ವರ್ಕ್ ಪೋರ್ಟಿನ ಒಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರ್ತದೆ, ಅದು 1500 ವೋಲ್ಟನ್ನು ಒಂದು ನಿಮಿಷ ತಡೀಬೇಕು ಅಂತ ಈಥರ್ನೆಟ್ ನಿಯಮ. ಸಿಡಿಲಿನ ಮುಂದೆ ಅದು ಸಾಲದು. ಸಿಡಿಲು ಆಚೆ ತೋಟಕ್ಕೆ ಬಿದ್ದರೂ ನಿಮ್ಮ ಸ್ವಿಚ್ಚು ಸುಟ್ಟದ್ದು ಹೀಗೇ ಇರಬೇಕು ಅನ್ನೋದು ನನ್ನ ಲೆಕ್ಕ.

ಅವರು ಹೇಳಿದ ಜಿಐ ತಂತಿಯೂ ಲೋಹವೇ. ಎರಡು ಕಟ್ಟಡಕ್ಕೂ ಕಟ್ಟಿದರೆ ಅದೂ ಒಂದು ದಾರಿ. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಆಯ್ತಲ್ಲ ಅಂತ ಯಾರಾದರೂ ಅಂದರೆ ಹೇಳಿ: ಆ ಡಬ್ಬಿ ಬಂದದ್ದನ್ನು ಅರ್ಥಿಂಗಿಗೆ ಇಳಿಸ್ತದೆ ಅಷ್ಟೇ, ಅರ್ಥಿಂಗೇ ಏರಿ ಕೂತಿರುವಾಗ ಅದು ಎಲ್ಲಿಗೆ ಇಳಿಸೀತು?

ಗೋಡೌನಿಗೆ ಫೈಬರ್ ಹಾಕಿ. ಗಾಜಿನ ಎಳೆ, ವಿದ್ಯುತ್ತು ಅದರಲ್ಲಿ ಹೋಗೋದೇ ಇಲ್ಲ. 45 ಮೀಟರ್ ಅಂದರೆ ಅದಕ್ಕೆ ಏನೂ ಅಲ್ಲ. ಸಿಂಗಲ್ ಮೋಡ್, ನಾಲ್ಕು ಎಳೆಯದು ತಗೊಳ್ಳಿ, ಕೆಲಸಕ್ಕೆ ಒಂದೋ ಎರಡೋ ಸಾಕು, ಉಳಿದದ್ದು ಮುಂದಕ್ಕೆ ಇರಲಿ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ನೆಟ್ ಕೇಬಲಿನ ಸಿಗ್ನಲ್ಲಾಗಿ ಬದಲಿಸೋ ಡಬ್ಬಿ. ಒಂದೇ ಎಳೆಯಲ್ಲಿ ನಡೆಯೋ ಜೋಡಿ ತಂದರೆ ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ ಅಂತ ಇರ್ತದೆ. ಒಂದು 1310 ನ್ಯಾನೋಮೀಟರಿನ ಬೆಳಕು ಕಳಿಸ್ತದೆ, ಇನ್ನೊಂದು 1550. ಎರಡೂ ಎ ತಂದರೆ ನಡೆಯಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಮರೀತಾರೆ. ಪೇಟೆಯಲ್ಲಿ ಸಿಗೋ ಡ್ರಾಪ್ ಫೈಬರಿನ ಪಕ್ಕಕ್ಕೆ ಎಷ್ಟೋ ಸಲ ಒಂದು ಉಕ್ಕಿನ ತಂತಿ ಅಂಟಿಕೊಂಡಿರ್ತದೆ, ಕಂಬಕ್ಕೆ ಕಟ್ಟೋಕೆ. ಅದನ್ನು ಹಾಗೇ ಸ್ವಿಚ್ಚು ಇಡೋ ಕಬ್ಬಿಣದ ಪೆಟ್ಟಿಗೆ, ಅಂದರೆ ರ‍್ಯಾಕಿನ ತನಕ ತಂದರೆ ಫೈಬರ್ ಹಾಕಿದ್ದಕ್ಕೆ ಅರ್ಥವೇ ಇಲ್ಲ, ಮತ್ತೆ ಲೋಹ ಒಳಗೆ ಬಂತು. ಉಕ್ಕು ಇಲ್ಲದ, ಒಳಗೆ ನಾರಿನ ಕಡ್ಡಿ ಇರೋದನ್ನೇ ಕೇಳಿ ತಗೊಳ್ಳಿ. ಎಫ್‌ಆರ್‌ಪಿ ಅಂದರೆ ಅಂಗಡಿಯವರಿಗೆ ಗೊತ್ತಾಗ್ತದೆ.

ನೆಲದೊಳಗೆ ಎಚ್‌ಡಿಪಿಇ ಪೈಪಿನಲ್ಲಿ ಹಾಕಿ. ನಿಮ್ಮ ಅಂಗಳದಲ್ಲಿ ಗೊಬ್ಬರದ ಲಾರಿ, ಅಡಿಕೆಯ ಟ್ರ್ಯಾಕ್ಟರು ಓಡಾಡ್ತವೆ, ಕಡೇ ಪಕ್ಷ ಎರಡಡಿ ಆಳದಲ್ಲಿ ಪೈಪು ಇರಲಿ. ಪೈಪಿನ ಎರಡೂ ಬಾಯಿ ಮುಚ್ಚಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಅದು ನೀರಿನ ಪೈಪೇ ಆಗ್ತದೆ, ಬೇಸಿಗೆಯಲ್ಲಿ ಇಲಿಯ ದಾರಿ. ಜೋಡಿಸೋಕೆ ಸ್ಪ್ಲೈಸಿಂಗ್ ಮಿಷನ್ ಬೇಕು, ನಿಮ್ಮೂರಿನ ಇಂಟರ್‌ನೆಟ್ ಕನೆಕ್ಷನ್ ಕೊಡೋ ಹುಡುಗರ ಹತ್ತಿರ ಇರ್ತದೆ, ಅವರನ್ನೇ ಕರೀರಿ. ಆ ಹೊತ್ತಿಗೆ ಯಾರೂ ಫೈಬರಿನ ತುದಿಗೆ ಕಣ್ಣಿಟ್ಟು ನೋಡಬಾರದು. ಆ ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ಒಳಗೆ ಹೋಗ್ತದೆ. ಕತ್ತರಿಸಿ ಉಳಿದ ಗಾಜಿನ ಚೂರು ಮುಳ್ಳಿಗಿಂತ ಸಣ್ಣದು, ಬೆರಳಿಗೆ ಹೊಕ್ಕರೆ ಸಿಗಲ್ಲ. ಕಪ್ಪು ಟೇಪಿಗೆ ಒಂದೊಂದೇ ಅಂಟಿಸಿ ಡಬ್ಬಿಗೆ ಹಾಕಿಸಿ. ಆ ಮೇಜಿನ ಮೇಲೆ ಅವತ್ತು ಯಾರೂ ತಿಂಡಿ ತಿನ್ನಬೇಡಿ.

ಇನ್ನು ಒಂದೇ ಪೈಪಿನ ಮಾತು. ಆಗಲ್ಲ ಅಂತ ಖಂಡಿತ ಹೇಳಿ. ಕರೆಂಟಿನ ಪಕ್ಕ ಇಟ್ಟರೆ ನೆಟ್ ಸ್ಲೋ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ, ಅದು ಎರಡನೇ ಮಾತು. ಮೊದಲನೇದು ಜೀವದ್ದು. ಪೈಪಿನೊಳಗೆ ಎಳೆಯುವಾಗ ಕರೆಂಟ್ ವೈರಿನ ಸಿಪ್ಪೆ ತರಚಿದರೆ 230 ವೋಲ್ಟು ನೆಟ್ ಕೇಬಲಿಗೆ ಬರ್ತದೆ, ಆ ಕೇಬಲು ಪ್ರತಿ ಮೇಜಿಗೂ ಹೋಗಿರ್ತದೆ. ಬೇರೆ ಪೈಪು, ಗೋಡೆಯಲ್ಲಿ ಬೇರೆ ಬಾಕ್ಸು. ಒಂದೇ ದಿಕ್ಕಿಗೆ ಹೋಗೋ ಕಡೆ ಒಂದಡಿ ಅಂತರ ಇಡಿ, ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ. 25 ಎಂಎಂ ಪೈಪಿಗೆ ಕ್ಯಾಟ್-6 ಕೇಬಲು ಐದು ಸಾಕು. ಆರನೇದು ತಳ್ಳಿದರೆ ಹೋಗ್ತದೆ, ಆದರೆ ತಳ್ಳುವಾಗ ಒಳಗಿನ ತಿರುಚು ಹಾಳಾಗ್ತದೆ. ಎಳೆಯೋ ಬಲವೂ ಹಾಗೇ. 11 ಕೆಜಿ ತೂಕ ನೇತುಹಾಕಿದಷ್ಟು ಎಳೆತ, ಅದಕ್ಕಿಂತ ಜಾಸ್ತಿ ಬೇಡ. ಇಬ್ಬರು ಕಾಲು ಕೊಟ್ಟು ಜಗ್ಗೋದು ನೋಡಿದರೆ ನಿಲ್ಲಿಸಿ. ಮೂಲೆಯಲ್ಲಿ ಎಲ್ಬೋ ಬೇಡ, ಬೆಂಡ್ ಹಾಕಿಸಿ. ಕೇಬಲಿನ ದಪ್ಪದ ನಾಲ್ಕು ಪಟ್ಟಿಗಿಂತ ಸಣ್ಣ ತಿರುವು ಕೊಡಬಾರದು.

ಅರ್ಧ ಬೆಲೆಯ ಬಾಕ್ಸು ಅಲ್ಯೂಮಿನಿಯಂ ಇರ್ತದೆ, ಮೇಲೆ ತಾಮ್ರದ ಲೇಪ. ಒಂದು ತುಂಡು ತಗೊಂಡು ಬ್ಲೇಡಿನಲ್ಲಿ ಕೆರೀರಿ, ಒಳಗೆ ಬೆಳ್ಳಗೆ ಕಂಡರೆ ಅದೇ. ಲೆಕ್ಕದವರು ನೀವು, ತೂಕದಲ್ಲೂ ಹಿಡೀಬಹುದು. ಒಂದು ಬಾಕ್ಸಿನಲ್ಲಿ 23 ಗೇಜಿನ ತಂತಿ ಎಂಟು, 305 ಮೀಟರು: ಬರೀ ತಾಮ್ರವೇ ಐದೂವರೆ ಕೆಜಿ ಆಗ್ಬೇಕು, ಸಿಪ್ಪೆ ಬೇರೆ. ನಿಮ್ಮ ಗೋಡೌನಿನ ತಕ್ಕಡಿಯಲ್ಲೇ ಎರಡೂ ಬಾಕ್ಸು ಇಟ್ಟು ನೋಡಿ. ಬಾಕ್ಸಿನ ಎರಡೂ ತುದಿ ಕೈಗೆ ಸಿಕ್ಕರೆ ಮೀಟರಿನಲ್ಲಿ ಒಂದು ತಂತಿಯ ಓಮ್ ಅಳೆಸಿ. ತಾಮ್ರವಾದರೆ 21, 22 ತೋರಿಸ್ತದೆ, ಲೇಪದ್ದಾದರೆ 30 ದಾಟ್ತದೆ. ನಿಮ್ಮ ಕ್ಯಾಮೆರಾಗಳಿಗೆ ಕರೆಂಟು ಕೂಡ ಇದೇ ಕೇಬಲಲ್ಲಿ ಹೋಗ್ತದೆ. ಓಮ್ ಜಾಸ್ತಿ ಆದಷ್ಟೂ ಕೇಬಲು ಬಿಸಿ ಆಗ್ತದೆ, ಕ್ಯಾಮೆರಾ ರಾತ್ರಿ ಐಆರ್ ದೀಪ ಹಚ್ಚಿದ ತಕ್ಷಣ ಆಫ್ ಆಗ್ತದೆ. ಗೋಡೆಯೊಳಗೆ 20 ವರ್ಷ ಇರಬೇಕಾದ ವಸ್ತು ಸರ್. ಉಳಿಸೋದಿದ್ದರೆ ಸ್ವಿಚ್ಚಿನಲ್ಲಿ ಉಳಿಸಿ, ಅದನ್ನು ನಾಳೆ ಬದಲಿಸಬಹುದು.

ಅರ್ಥಿಂಗ್ ಬಗ್ಗೆ ನೀವು ಕೇಳಿಲ್ಲ. ನಾನು ಹೇಳಲೇಬೇಕು.

ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಆಫೀಸಿಗೆ ಹೋಗಿದ್ದೆವು. ನನ್ನ ಜೊತೆ ಒಬ್ಬ ಹುಡುಗ, 19 ವರ್ಷ ಇರಬಹುದು. ಗೋಡೆಯ ರ‍್ಯಾಕಿಗೆ ಕೇಬಲ್ ಹಾಕೋಕೆ ಏಣಿ ಹತ್ತಿದ. ಒಂದು ಕೈ ರ‍್ಯಾಕಿನ ಮೇಲೆ, ಇನ್ನೊಂದು ಕೈ ಕಿಟಕಿಯ ಸರಳಿಗೆ. ಆ ಸಾಲಿನ ಅರ್ಥ್ ವೈರು ಬೋರ್ಡಿನಲ್ಲಿ ಬಿಚ್ಚಿಹೋಗಿತ್ತು, ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಿಂದ ಸ್ವಲ್ಪ ಸೋರಿಕೆ ಅರ್ಥಿಗೆ ಹೋಗೋದು ಮಾಮೂಲಿ. ಅಲ್ಲಿ ಒಂಬತ್ತು ಕಂಪ್ಯೂಟರಿನ ಸೋರಿಕೆ ಇಳಿಯೋಕೆ ದಾರಿ ಇಲ್ಲದೆ ರ‍್ಯಾಕಿನ ಮೇಲೆ ಕೂತಿತ್ತು. ಹುಡುಗನ ಮೂಲಕ ಕಿಟಕಿಗೆ ಇಳೀತು. ಷಾಕು ಸಣ್ಣದೇ, ಬೆಚ್ಚಿ ಕೈ ಬಿಟ್ಟ, ಏಣಿಯಿಂದ ಬಿದ್ದು ಮುಂಗೈ ಮೂಳೆ ಎರಡು ಕಡೆ ಮುರೀತು. ನಾನು ಏಣಿ ಹಿಡಿಯದೆ ಕೆಳಗೆ ಕೇಬಲ್ ಬಿಡಿಸ್ತಾ ಇದ್ದೆ. ಅವತ್ತಿಂದ ಮೀಟರ್ ಇಟ್ಟು ನೋಡದೆ ಯಾವ ರ‍್ಯಾಕನ್ನೂ ನಾನು ಮುಟ್ಟಲ್ಲ, ನನ್ನ ಹುಡುಗರಿಗೂ ಮುಟ್ಟೋಕೆ ಬಿಡಲ್ಲ.

ನೀವೇ ಪ್ಲಗ್ಗಿಗೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕೈಲಿ ನಿಮ್ಮ ಎದುರೇ ಮೂರು ಅಳತೆ ತೆಗೆಸಿ ಬರೆದಿಟ್ಟುಕೊಳ್ಳಿ. ಫೇಸು-ನ್ಯೂಟ್ರಲ್ 230ರ ಆಸುಪಾಸು. ಫೇಸು-ಅರ್ಥ್ ಕೂಡ ಹತ್ತಿರ ಹತ್ತಿರ ಅಷ್ಟೇ ಇರಬೇಕು. ನ್ಯೂಟ್ರಲ್-ಅರ್ಥ್ ಎರಡು ವೋಲ್ಟಿನ ಒಳಗೆ. ಪ್ರತಿ ಪ್ಲಗ್ಗಿನಲ್ಲೂ. ಎಲ್ಲಾ ಕಂಪ್ಯೂಟರ್ ಹಚ್ಚಿದ ಮೇಲೆ ಇನ್ನೊಂದು ಸಲ.

ರ‍್ಯಾಕು ಎಲ್ಲಿಗೆ ಅಂತ ನೋಡಿಕೊಳ್ಳಿ. ನಿಮ್ಮ ಕಡೆ ಜಂಬಿಟ್ಟಿಗೆ ಗೋಡೆ ಇದ್ದರೆ ಆಂಕರ್ ಬೋಲ್ಟು ಹಿಡಿಯಲ್ಲ, ಒಂದೆರಡು ಮಳೆಗಾಲಕ್ಕೆ ಪುಡಿಯಾಗಿ ಜಾರ್ತದೆ. ಕಾಂಕ್ರೀಟ್ ಕಂಬಕ್ಕೆ ಹಾಕಿ, ಇಲ್ಲ ಗೋಡೆಯ ಆಚೆ ಬದಿಗೆ ಪ್ಲೇಟ್ ಕೊಟ್ಟು ಬೋಲ್ಟ್ ಆರಪಾರ ಹಾಯಿಸಿ. ಶೌಚಾಲಯದ ಗೋಡೆಗೆ ಬೇಡ, ಏಸಿ ಕೆಳಗೆ ಬೇಡ. ಗಾಳಿಯ ಕಿಂಡಿಗೆ ಸಣ್ಣ ಜಾಲರಿ ಹಾಕಿಸಿ. ಬೆಚ್ಚಗಿನ ಜಾಗ ಅಂತ ಹಲ್ಲಿ ಬಂದು ಮಲಗ್ತದೆ, ಎಷ್ಟೋ ಪವರ್ ಸಪ್ಲೈ ಹೋದದ್ದು ಹಲ್ಲಿಯಿಂದ.

---

ಐಟಿಐ ಟೀಚರ್, ಮಂಗಳೂರು

ನಾನು ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುವವಳು. ಮೇಸ್ತ್ರಿಯವರ ಮಾತಿಗೆ ಒಂದು ಸೇರ್ಪಡೆ, ಒಂದು ಎಚ್ಚರಿಕೆ.

ಮೀಟರಿನಲ್ಲಿ ಫೇಸು-ಅರ್ಥ್ 230 ತೋರಿಸಿದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿಯಾಗಿದೆ ಎಂದಲ್ಲ. ಮೀಟರು ಎಳೆಯುವ ಕರೆಂಟು ತೀರಾ ಕಡಿಮೆ, ಕೆಟ್ಟ ಅರ್ಥಿಂಗ್ ಕೂಡ ಅದಕ್ಕೆ ಸರಿ ಎಂದೇ ಕಾಣುತ್ತದೆ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಅರ್ಥ್ ಟೆಸ್ಟರಿನಲ್ಲಿ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ ಅಳೆಸಿ, ಬರೆದು ಸಹಿ ಪಡೆಯಿರಿ. ಇಂಥ ಕಚೇರಿಗೆ 5 ಓಮ್ ಒಳಗೆ ಬರಲಿ ಎಂದು ನಾನು ನೋಡುತ್ತೇನೆ. ಅಳೆಯುವುದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ನೆನೆದು ಎಲ್ಲ ಗುಂಡಿಗಳೂ ಚೆನ್ನಾಗಿಯೇ ಇರುತ್ತವೆ. ಮಾರ್ಚ್, ಏಪ್ರಿಲ್‌ಗೆ ಮಣ್ಣು ಒಣಗಿ ರೆಸಿಸ್ಟೆನ್ಸ್ ಏರುತ್ತದೆ, ಮುಂಗಾರಿಗೆ ಮೊದಲಿನ ಸಿಡಿಲೂ ಅದೇ ಹೊತ್ತಿಗೆ ಬರುತ್ತದೆ. ಫೆಬ್ರವರಿಯಿಂದ ವಾರಕ್ಕೆರಡು ಸಲ ಗುಂಡಿಗೆ ನೀರು ಹಾಕುವ ಕೆಲಸ ಒಬ್ಬರ ಹೆಸರಿಗೆ ಬರೆದಿಡಿ.

ಮೇನ್ ಬೋರ್ಡಿನಲ್ಲಿ ಟೈಪ್-2 ಸರ್ಜ್ ರಕ್ಷಕ ಹಾಕಿಸಿ, ಗೋಡೌನಿನ ಬೋರ್ಡಿಗೂ ಒಂದು. ಫೈಬರ್ ಹಾಕಿದರೆ ನೆಟ್‌ವರ್ಕಿನ ದಾರಿ ಮುಚ್ಚಿತು, ಕರೆಂಟಿನ ಲೈನಿನ ದಾರಿ ತೆರೆದೇ ಇರುತ್ತದೆ. ಆ ರಕ್ಷಕದ ವೈರು ಗಿಡ್ಡ ಇರಬೇಕು, ಎಲ್ಲ ಸೇರಿ ಅರ್ಧ ಮೀಟರ್ ಒಳಗೆ. ಬೋರ್ಡಿನೊಳಗೆ ಚೆಂದಕ್ಕೆ ಸುತ್ತಿ ಸುತ್ತಿ ಉದ್ದ ಬಿಟ್ಟರೆ ಅದರ ಕೆಲಸವೇ ಕೆಡುತ್ತದೆ.

ಸೋರಿಕೆ ಕಂಡ ತಕ್ಷಣ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಆದರೆ 14 ಕಂಪ್ಯೂಟರನ್ನು ಒಂದೇ ಆರ್‌ಸಿಸಿಬಿಗೆ ಹಾಕಿದರೆ ಮೇಸ್ತ್ರಿಯವರು ಹೇಳಿದ ಆ ಸೋರಿಕೆಗಳೆಲ್ಲ ಒಟ್ಟುಗೂಡಿ ಕಾರಣವಿಲ್ಲದೆ ಟ್ರಿಪ್ ಆಗುತ್ತದೆ. ಆಗ ಯಾರೋ ಬಂದು ಅದನ್ನು ತೆಗೆದೇ ಬಿಡುತ್ತಾರೆ, ನಾನು ಎಷ್ಟೋ ಕಡೆ ನೋಡಿದ್ದೇನೆ. ಐದೈದು ಕಂಪ್ಯೂಟರಿಗೆ ಒಂದರಂತೆ ಸರ್ಕ್ಯೂಟ್ ಬೇರೆ ಮಾಡಿಸಿ.

---

ತುಂಗೆ ದಡ

ಇಬ್ಬರಿಗೂ ಕೈ ಮುಗಿಯುತ್ತೇನೆ. ಗೋಡೌನಿನ ತಕ್ಕಡಿಯಲ್ಲಿ ಎರಡೂ ಬಾಕ್ಸು ತೂಗಿದೆ. ಅಗ್ಗದ್ದು ಸಿಪ್ಪೆ, ಬಾಕ್ಸು ಸೇರಿ ಐದೂವರೆ ಕೆಜಿಯೂ ಇಲ್ಲ. ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ. ಆ ತುಂಡನ್ನೇ ಸಭೆಗೆ ಒಯ್ಯುತ್ತೇನೆ.

ಎಲೆಕ್ಟ್ರಿಷಿಯನ್ ಇನ್ನೊಂದು ಮಾತು ಹೇಳಿದರು. ಕಂಪ್ಯೂಟರ್ ರ‍್ಯಾಕಿಗೆ ಬೇರೆಯದೇ ಅರ್ಥ್ ಗುಂಡಿ ತೆಗೆದು, ಕಟ್ಟಡದ ಅರ್ಥಿಗೆ ಸೇರಿಸದೆ ಪ್ರತ್ಯೇಕ ಇಡುತ್ತಾರಂತೆ, ಶುದ್ಧವಾಗಿರುತ್ತದಂತೆ. ಒಪ್ಪಬಹುದೇ?

---

ಐಟಿಐ ಟೀಚರ್, ಮಂಗಳೂರು

ಒಪ್ಪಬೇಡಿ. ಎರಡನೇ ಗುಂಡಿ ತೆಗೆಯಲಿ, ತೊಂದರೆಯಿಲ್ಲ, ಆದರೆ ಅದನ್ನು ಕಟ್ಟಡದ ಅರ್ಥಿನ ಜೊತೆ ದಪ್ಪ ಪಟ್ಟಿಯಿಂದ ಸೇರಿಸಲೇಬೇಕು. ಐಎಸ್ 3043, ನಮ್ಮ ದೇಶದ ಅರ್ಥಿಂಗ್ ಸಂಹಿತೆ, ಹೇಳುವುದೂ ಅದನ್ನೇ. ಸೇರಿಸದೆ ಬಿಟ್ಟರೆ ನಿಮ್ಮ ಗೋಡೌನು ಮತ್ತು ಕಚೇರಿಯ ನಡುವಿನ ತೊಂದರೆಯನ್ನು ಒಂದೇ ಕೋಣೆಯೊಳಗೆ ತಂದಿಟ್ಟ ಹಾಗೆ. ಸಿಡಿಲಿನ ಹೊತ್ತಿಗೆ ರ‍್ಯಾಕಿನ ಅರ್ಥ್ ಒಂದು, ಮೇಜಿನ ಕಂಪ್ಯೂಟರಿನ ಅರ್ಥ್ ಇನ್ನೊಂದು, ನಡುವೆ ನೆಟ್ ಕೇಬಲು. ಈ "ಕಂಪ್ಯೂಟರ್ ಅರ್ಥಿಂಗ್ ಬೇರೆ" ಎನ್ನುವ ನಂಬಿಕೆ ಊರೂರಲ್ಲೂ ಇದೆ. ಪ್ರತಿ ವರ್ಷ ಹೊಸ ಬ್ಯಾಚಿನ ಮಕ್ಕಳೂ ಮನೆಯಿಂದ ಅದನ್ನೇ ಕಲಿತು ಬಂದಿರುತ್ತಾರೆ.

---

ಹುಬ್ಬಳ್ಳಿ ಲ್ಯಾಬ್

ನಾ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡ್ಕೊತೀನ್ರಿ. ವೈರಿಂಗ್ ಬಗ್ಗೆ ದೊಡ್ಡವ್ರು ಹೇಳ್ಯಾರ, ಸೆಟ್ಟಿಂಗ್ ಬಗ್ಗೆ ನಂದೊಂದೆರಡು ಮಾತು.

ಎಲ್ಲಾ ಒಮ್ಮೆಲೆ ಹಚ್ಚಬ್ಯಾಡ್ರಿ. ಮೊದಲ ರೌಟರ್ ಒಂದ ಹಚ್ಚಿ, ಅದಕ್ಕ ಒಂದು ಲ್ಯಾಪ್‌ಟಾಪ್ ಹಚ್ಚಿ ಪಾಸ್‌ವರ್ಡ್ ಬದಲಿ ಮಾಡ್ರಿ. ಹೊರಗಿನ ಲೈನ್ ಹಚ್ಚೂದು ಅದರ ನಂತರ. ಆಮ್ಯಾಲೆ ಸ್ವಿಚ್, ಆಮ್ಯಾಲೆ ಒಂದೊಂದ ಮಷಿನ್. ಅಂದ್ರ ಏನರ ಕೆಟ್ರ ಯಾವುದು ಹಚ್ಚಿದ ಮ್ಯಾಲೆ ಕೆಟ್ತು ಅಂತ ಗೊತ್ತಾಕ್ಕೇತಿ.

ನಮ್ಮಲ್ಲಿ ಒಂದ ದಿವಸ ಲ್ಯಾಬಿನ ಅರ್ಧ ಮಷಿನ್‌ಗೆ ನೆಟ್ ಬರ್ತಿತ್ತು, ಅರ್ಧಕ್ಕ ಇಲ್ಲ. ಮುಂಜಾನಿಂದ ಸಂಜಿ ತನಕ ಹುಡುಕೀವಿ. ಸ್ಟಾಫ್ ರೂಮಿನೊಳಗ ಯಾರೋ ಮನಿಯಿಂದ ವೈಫೈ ರೌಟರ್ ತಂದು ಗ್ವಾಡಿ ಪಾಯಿಂಟಿಗೆ ಹಚ್ಚಿದ್ರು. ಅದೂ ಡಿಎಚ್‌ಸಿಪಿ ನಡಸಾಕತ್ತಿತ್ತು, ತನ್ನ ಐಪಿ ವಿಳಾಸ ಹಂಚಾಕತ್ತಿತ್ತು. ವಿಳಾಸ ಹಂಚವ್ರು ಇಬ್ಬರು ಇರಬಾರದ್ರಿ. ನಿಮ್ಮ ಮೀಟಿಂಗ್ ಹಾಲಿಗೆ ಹಳೇ ವೈಫೈ ರೌಟರ್ ಹಚ್ಚೂ ವಿಚಾರ ಇದ್ರ, ಅದರ ಡಿಎಚ್‌ಸಿಪಿ ಬಂದ್ ಮಾಡಿ, ವ್ಯಾನ್ (ಹೊರಗಿನ ಲೈನಿಂದು) ಪೋರ್ಟ್ ಬಿಟ್ಟು ಲ್ಯಾನ್ (ಒಳಗಿಂದು) ಪೋರ್ಟಿಗೆ ಕೇಬಲ್ ಹಚ್ರಿ. ಪ್ರಿಂಟರ್‌ಗೆ, ಕ್ಯಾಮೆರಾಕ್ಕ ಕಾಯಂ ವಿಳಾಸ ಕೊಟ್ಟು ಒಂದು ಹಾಳಿ ಮ್ಯಾಲೆ ಬರದು ರ‍್ಯಾಕಿನ ಬಾಗಿಲಿಗೆ ಅಂಟಸ್ರಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಅಂಟಸಬ್ಯಾಡ್ರಿ, ಲಾಕರಿನ್ಯಾಗ ಇಡ್ರಿ.

ಇನ್ನೊಂದು. ಸ್ವಿಚ್ ತಗೊಳ್ಳುವಾಗ ಲೂಪ್ ಹಿಡಿಯೂ ಸೌಲಭ್ಯ ಇದ್ದದ್ದ ತಗೋರಿ, ಹಚ್ಚಿದ ಮ್ಯಾಲೆ ಅದು ಆನ್ ಐತೇನ್ ನೋಡ್ರಿ. ಕೆಳಗ ಜೋತುಬಿದ್ದ ಕೇಬಲ್ ತುದಿ ಕಂಡು, ಕಸ ಹೊಡಿಯವ್ರು ಒಳ್ಳೇ ಮನಸಿನಿಂದ ಖಾಲಿ ಪೋರ್ಟಿಗೆ ಚುಚ್ಚತಾರ. ಎರಡೂ ತುದಿ ಒಂದ ಸ್ವಿಚ್ಚಿಗೆ ಬಂದ್ರ ಮಾಹಿತಿ ಒಳಗಿಂದೊಳಗ ಸುತ್ತಿ ಸುತ್ತಿ ಇಡೀ ಆಫೀಸ ನಿಂತುಬಿಡ್ತೈತಿ. ಕ್ಯಾಮೆರಾಗಳನ್ನ ಸ್ವಿಚ್ಚಿನೊಳಗ ಬ್ಯಾರೆ ಮಾಡಿದ ನೆಟ್‌ವರ್ಕ್, ಅಂದ್ರ ಬ್ಯಾರೆ ವಿಲ್ಯಾನ್‌ನ್ಯಾಗ ಇಡ್ರಿ, ಲೆಕ್ಕದ ಕಂಪ್ಯೂಟರ್ ಜೋಡಿ ಕೂಡಸಬ್ಯಾಡ್ರಿ. ಕ್ಯಾಮೆರಾದ ಪಾಸ್‌ವರ್ಡ್ ಬದಲಿ ಮಾಡದನ ಬಿಟ್ಟವ್ರು ಬಾಳ ಮಂದಿ. ನಿಮ್ಮಲ್ಲಿ ರೈತರ ಖಾತಿ ಅದಾವ.

---

ಕೇಬಲ್ ಮೇಸ್ತ್ರಿ, ಶಿವಮೊಗ್ಗ

ಟೀಚರ್ ಮೇಡಂ ಹೇಳಿದ ಅರ್ಥ್ ಟೆಸ್ಟರ್ ಮಾತು ಸರಿ, ಮೀಟರೊಂದೇ ಸಾಲದು. ನನ್ನ ಉತ್ತರದಲ್ಲಿ ಅದನ್ನು ಸೇರಿಸಿ ಓದಿಕೊಳ್ಳಿ.

ಕೆಲಸ ಮುಗಿದಾಗ ಕೈಗೆ ಒಪ್ಪಿಸಿಕೊಳ್ಳೋ ಮೊದಲು ಒಂದು ವಿಷಯ. ಎಂಟು ದೀಪದ ಟೆಸ್ಟರ್ ಹಾಕಿ, ಎಲ್ಲಾ ಹತ್ತಿತು, ಆಯ್ತು ಸರ್ ಅಂತಾರೆ. ಅದನ್ನು ಪೂರ್ತಿ ನಂಬಬೇಡಿ. ಒಳಗಿನ ಎಂಟು ತಂತಿ ಎರಡೆರಡು ತಿರುಚಿಕೊಂಡು ನಾಲ್ಕು ಜೋಡಿ. 3ನೇ ಪಿನ್ನು ಮತ್ತು 6ನೇ ಪಿನ್ನು ಒಂದೇ ಜೋಡಿಯದ್ದಾಗಿರಬೇಕು. ನಾವೆಲ್ಲ ಹಾಕೋ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸಬರು ನೋಡೋಕೆ ಚೆಂದ ಅಂತ ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಹಾಕಿಬಿಡ್ತಾರೆ. ಎರಡೂ ತುದಿ ಒಂದೇ ಥರ ಇರೋದರಿಂದ ಎಂಟೂ ದೀಪ ಹತ್ತುತ್ತವೆ. ನೆಟ್ ಮಾತ್ರ ಬಿಟ್ಟು ಬಿಟ್ಟು ಬರ್ತದೆ. ಪ್ರತಿ ಕಂಪ್ಯೂಟರಿನಲ್ಲೂ ಲಿಂಕ್ ಸ್ಪೀಡ್ ತೆಗೆದು ನೋಡಿ, 1 ಜಿಬಿಪಿಎಸ್ ಅಂತ ಇರಬೇಕು. 100 ಎಂಬಿಪಿಎಸ್ ಅಂತ ಬಂದರೆ ಎಲ್ಲೋ ಒಂದು ತಂತಿ ಕೂತಿಲ್ಲ, ಯಾಕಂದರೆ 100ಕ್ಕೆ ನಾಲ್ಕು ತಂತಿ ಸಾಕು, ಜಿಗಾಬಿಟ್‌ಗೆ ಎಂಟೂ ಬೇಕು. ಆ ಪಾಯಿಂಟನ್ನು ಬಿಚ್ಚಿಸಿ ಮತ್ತೆ ಹಾಕಿಸಿ. ಜೋಡಿಯ ತಿರುಚು 13 ಎಂಎಂಗಿಂತ ಜಾಸ್ತಿ ಬಿಚ್ಚಿರಬಾರದು.

ಗೋಡೆಯೊಳಗಿನ ಕೇಬಲಿಗೆ ನೇರ ಪ್ಲಗ್ ಹಾಕಿಸಬೇಡಿ. ಮೇಜಿನ ಕಡೆ ಐಓ ಬಾಕ್ಸು (ಗೋಡೆಯ ನೆಟ್ ಸಾಕೆಟ್ಟು), ರ‍್ಯಾಕಿನ ಕಡೆ ಪ್ಯಾಚ್ ಪ್ಯಾನೆಲ್ (ಸಾಕೆಟ್ಟುಗಳನ್ನು ಸಾಲಾಗಿ ಕೂರಿಸಿದ ಪಟ್ಟಿ). ಗೋಡೆಯ ತಂತಿ ಒಂಟಿ ಗಟ್ಟಿ ತಂತಿ, ನಾಲ್ಕು ಸಲ ಅಲ್ಲಾಡಿಸಿದರೆ ಮುರೀತದೆ. ಎರಡೂ ತುದಿಗೆ ಒಂದೇ ನಂಬರ್ ಬರೆಸಿ. ಹಾಗೇ ಕ್ಯಾಮೆರಾಗೆ ಪಿಓಇ (ನೆಟ್ ಕೇಬಲಲ್ಲೇ ಕರೆಂಟು ಕೊಡೋ) ಸ್ವಿಚ್ಚು ತಗೊಳ್ಳುವಾಗ 802.3ಎಎಫ್ ಅಥವಾ ಎಟಿ ಅಂತ ಬರೆದದ್ದನ್ನೇ ತಗೊಳ್ಳಿ. ಅದು ಆ ಕಡೆ ಇರೋ ಉಪಕರಣವನ್ನು ಮೊದಲು ಕೇಳಿ, ಅದು ಒಪ್ಪಿದ ಮೇಲೆ 48 ವೋಲ್ಟು ಬಿಡ್ತದೆ. ಅಗ್ಗದ ಪ್ಯಾಸಿವ್ ಇಂಜೆಕ್ಟರು ಕೇಳೋದೇ ಇಲ್ಲ, ಸದಾ ಬಿಡ್ತಾ ಇರ್ತದೆ. ಆ ಕೇಬಲನ್ನು ಯಾರಾದರೂ ಲ್ಯಾಪ್‌ಟಾಪಿಗೆ ಹಾಕಿದರೆ ಪೋರ್ಟು ಸುಡಬಹುದು.

---

ತುಂಗೆ ದಡ (ಏಳು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸಬೇಕು. ಸಭೆಯಲ್ಲಿ ಬೆಳ್ಳಗಿನ ತಂತಿಯ ತುಂಡು ಕೈಯಿಂದ ಕೈಗೆ ಹೋಯಿತು, ಕಟ್ಟಡದೊಳಗೆ ಅಪ್ಪಟ ತಾಮ್ರದ ಕೇಬಲಿಗೇ ಒಪ್ಪಿಗೆ ಸಿಕ್ಕಿತು. ಬೇರೆ ಪೈಪು ಹಾಕಲು ಎರಡು ಗೋಡೆ ಮತ್ತೆ ಕೊರೆಯಬೇಕಾಯಿತು. ಎಲೆಕ್ಟ್ರಿಷಿಯನ್‌ಗೆ ಮೊದಲು ಬೇಸರವಿತ್ತು, ಎರಡು ಗುಂಡಿ ಸೇರಿಸುವ ಮಾತಿಗೆ ಐಎಸ್ 3043 ಎಂದು ಬರೆದುಕೊಟ್ಟ ಮೇಲೆ ಅವರೇ ಮುಂದೆ ನಿಂತು ಪಟ್ಟಿ ಹಾಕಿಸಿದರು.

ಎಲ್ಲ ಕಂಪ್ಯೂಟರ್ ಹಚ್ಚಿದಾಗ ನ್ಯೂಟ್ರಲ್-ಅರ್ಥ್ 1.3 ವೋಲ್ಟ್. ಗುಂಡಿ 3.8 ಓಮ್, ಆದರೆ ಇದು ಮಳೆ ನಿಂತ ಹೊಸದರ ಅಳತೆ, ಮಾರ್ಚ್‌ನಲ್ಲಿ ಮತ್ತೆ ಅಳೆಸಲು ಠರಾವು ಮಾಡಿದ್ದೇವೆ. 24 ಪಾಯಿಂಟಿನಲ್ಲಿ ಎರಡು 100 ಎಂಬಿಪಿಎಸ್ ತೋರಿಸಿದವು, ಬಿಚ್ಚಿಸಿದೆ, ಎರಡರಲ್ಲೂ ಕಂದು ತಂತಿ ಕೂತಿರಲಿಲ್ಲ. ಗೋಡೌನಿಗೆ ನೆಲದೊಳಗೆ ಫೈಬರ್ ಹೋಗಿದೆ.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ಗೋಡೌನಿನ ಹೊರಗೋಡೆಗೆ ಇನ್ನೊಂದು ಕ್ಯಾಮೆರಾ ಬೇಕೆನ್ನುತ್ತಾರೆ. ಕಚೇರಿಯ ಪಿಓಇ ಸ್ವಿಚ್ಚಿನಲ್ಲಿ ಪೋರ್ಟು ಖಾಲಿಯಿದೆ, ಅಲ್ಲಿಂದಲೇ ಒಂದು ಕ್ಯಾಟ್-6 ಎಳೆಯಬಹುದೇ? ಗೋಡೌನಿಗೆ ಮೊದಲಿನಿಂದ ಇದ್ದ ಹಳೇ ತಾಮ್ರದ ಕೇಬಲು ಅಂಗಳದ ಮೇಲೆ ಇನ್ನೂ ಇದೆ, ಫೈಬರ್ ಏನಾದರೂ ಕೈಕೊಟ್ಟರೆ ಇರಲಿ ಎಂದು ಎರಡೂ ತುದಿ ಹಾಗೇ ಬಿಟ್ಟಿದ್ದಾರೆ.

---

ಕೇಬಲ್ ಮೇಸ್ತ್ರಿ, ಶಿವಮೊಗ್ಗ

ಕ್ಯಾಮೆರಾ ಗೋಡೌನಿನದ್ದು, ಅದರ ಕರೆಂಟೂ ಗೋಡೌನಿನಿಂದಲೇ ಬರಬೇಕು. ಗೋಡೌನಿನೊಳಗೆ ನಾಲ್ಕು ಪೋರ್ಟಿನ ಸಣ್ಣ ಪಿಓಇ ಸ್ವಿಚ್ಚು ಇಟ್ಟು, ಅದನ್ನು ಅಲ್ಲಿನ ಮೀಡಿಯಾ ಕನ್ವರ್ಟರಿಗೆ ಸೇರಿಸಿ. ಅಂಗಳ ದಾಟೋದು ಗಾಜು ಮಾತ್ರ.

ಹಳೇ ಕೇಬಲನ್ನು ಈ ವಾರವೇ ಇಳಿಸಿ, ಸರ್. ತುದಿ ಬಿಚ್ಚಿ ನೇತು ಬಿಟ್ಟರೂ ಸಾಲದು. ಮುಂದಿನ ಬೇಸಿಗೆಯಲ್ಲಿ ಒಂದು ದಿನ ಫೈಬರ್ ತುಂಡಾಗ್ತದೆ, ಅವತ್ತು ಕೌಂಟರಿನ ಮುಂದೆ ಜನ ನಿಂತಿರ್ತಾರೆ, ಯಾರೋ ಒಬ್ಬರು ಇದನ್ನು ಸಿಕ್ಕಿಸ್ತಾರೆ, ಆಮೇಲೆ ಬಿಚ್ಚೋಕೆ ಯಾರಿಗೂ ನೆನಪಿರಲ್ಲ. ಪೈಪಿನಲ್ಲಿ ಖಾಲಿ ಎಳೆ ಇವೆಯಲ್ಲ, ಅವಕ್ಕೂ ತುದಿ ಹಾಕಿಸಿ ಇಡಿ, ಕೈಕೊಟ್ಟರೆ ಅದಕ್ಕೆ ಬದಲಾಯಿಸಿ. ಏಣಿ ಹತ್ತುವವರಿಗೆ ಕೆಳಗೊಬ್ಬರು ಹಿಡಿದು ನಿಂತಿರಲಿ.